ಲೆಕ್ಕದ ಪುಸ್ತಕವೂ ಸೌಟೂ ಎಲ್ಲರ ಕೈಗೆ

(ಮಿತವ್ಯಯದ ಸಂಸಾರವನ್ನು ಕುರಿತು ಬೆಂಗಳೂರಿನ ಬಸವನಗುಡಿಯಲ್ಲಿ ನಿವಾಸಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಸಭೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಮಿತವ್ಯಯದ ಮಾತು ಬಂದೊಡನೆ ನಮ್ಮ ಗಮನ ಅಕ್ಕಿ, ಬೇಳೆ, ಎಣ್ಣೆಗಳ ಬೆಲೆಯ ಕಡೆಗೆ ಹೋಗುತ್ತದೆ. ಬೆಲೆ ಏರಿರುವುದು ನಿಜ. ಆದರೆ ಸಂಬಳ ಇಪ್ಪತ್ತನೆಯ ತಾರೀಖಿಗೇ ತಳ ಕಾಣುವುದಕ್ಕೆ ಅಕ್ಕಿ, ಬೇಳೆಗಳೇ ಕಾರಣವೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನಗರವಾಸಿಯೊಬ್ಬರ ಸರಾಸರಿ ತಿಂಗಳ ಖರ್ಚು 6,996 ರೂಪಾಯಿ; ಅದರಲ್ಲಿ ಆಹಾರದ ಪಾಲು ಶೇಕಡ 40ಕ್ಕೆ ಸ್ವಲ್ಪ ಕಡಿಮೆ. ಆ ಆಹಾರದ ಖರ್ಚಿನ ಒಳಗೆ ಇಣುಕಿದರೆ ಅಕ್ಕಿ, ಗೋಧಿ ಮುಂತಾದ ಧಾನ್ಯಗಳಿಗೆ ಒಟ್ಟು ಖರ್ಚಿನ ಶೇಕಡ 4 ಕೂಡ ಹೋಗುವುದಿಲ್ಲ. ಪಾನೀಯ, ತಿಂಡಿ ಮತ್ತು ಸಿದ್ಧ ಆಹಾರಕ್ಕೆ ಮಾತ್ರ ಶೇಕಡ 11ರಷ್ಟು ಹೋಗುತ್ತದೆ. ನಾಲ್ವರ ಕುಟುಂಬಕ್ಕೆ ಇದನ್ನು ಅನ್ವಯಿಸಿದರೆ, ತಿಂಗಳಿಗೆ ಸುಮಾರು 28,000 ರೂಪಾಯಿ ಖರ್ಚು ಮಾಡುವ ಮನೆಯಲ್ಲಿ ಸುಮಾರು 3,100 ರೂಪಾಯಿ ಇಂಥ ಪಾನೀಯ, ತಿನಿಸುಗಳಿಗೆ ಹೋಗುತ್ತಿದೆ. ಅಕ್ಕಿಯ ದರದಲ್ಲಿ ಕಿಲೋಗೆ ಎರಡು ರೂಪಾಯಿ ಉಳಿಸಲು ಮೂರು ಅಂಗಡಿ ಸುತ್ತುವ ನಾವು ಈ 3,100 ರೂಪಾಯಿಯನ್ನು ನೋಡುವುದೇ ಇಲ್ಲ, ಏಕೆಂದರೆ ಅದು ಇಪ್ಪತ್ತು, ನಲವತ್ತು, ನೂರಿಪ್ಪತ್ತು ರೂಪಾಯಿಗಳಾಗಿ ಬಿಡಿಬಿಡಿಯಾಗಿ ಕೈಬಿಟ್ಟು ಹೋಗುತ್ತದೆ.

ಖರ್ಚು ಹುಟ್ಟುವ ಜಾಗವನ್ನು ಮನೆಯವರೆಲ್ಲರೂ ತಿಳಿದಿರಬೇಕು, ಖರ್ಚನ್ನು ಇಳಿಸುವ ಕೆಲಸವನ್ನೂ ಮನೆಯವರೆಲ್ಲರೂ ಮಾಡಬೇಕು. ನನ್ನ ಇಂದಿನ ಮಾತಿನ ಸಾರವೆಲ್ಲ ಇಷ್ಟೇ. ಒಬ್ಬರೇ ಲೆಕ್ಕ ಬರೆದು, ಒಬ್ಬರೇ ಅಡುಗೆ ಮಾಡಿ, ಒಬ್ಬರೇ ಬಾಯಿ ಕಟ್ಟಿ ಉಳಿಸಿದ ಹಣವನ್ನು ಕುಟುಂಬದ ಉಳಿತಾಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೊದಲು ದೊಡ್ಡ ಖರ್ಚಿನಿಂದ ಆರಂಭಿಸೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು ಬಾಡಿಗೆ. ಅದಕ್ಕೆ ಅಂಟಿಕೊಂಡೇ ಬರುವ ಮುಂಗಡವನ್ನು ಮಾತ್ರ ನಾವು ಖರ್ಚೆಂದು ಎಣಿಸುವುದಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಈ ಊರಿನಲ್ಲಿ ಇನ್ನೂ ಇದೆ. ಬಾಡಿಗೆ 20,000 ರೂಪಾಯಿ ಎಂದಾದರೆ ಮುಂಗಡ ಎರಡು ಲಕ್ಷ. ಆ ಹಣ ಶೇಕಡ 7ರ ಬಡ್ಡಿಗೆ ಬ್ಯಾಂಕಿನಲ್ಲಿದ್ದಿದ್ದರೆ ವರ್ಷಕ್ಕೆ 14,000 ರೂಪಾಯಿ ಬರುತ್ತಿತ್ತು. ಆದ್ದರಿಂದ ಆ ಮನೆಯ ನಿಜವಾದ ಬಾಡಿಗೆ 21,000 ರೂಪಾಯಿಗೂ ಹೆಚ್ಚು. ಮುಂಗಡ ಕಡಿಮೆ ಮಾಡಿ ಬಾಡಿಗೆ ಐನೂರು ರೂಪಾಯಿ ಹೆಚ್ಚಿಸುತ್ತೇವೆ ಎನ್ನುವ ಮಾಲೀಕರು ಸಿಕ್ಕಿದರೆ, ಈ ಲೆಕ್ಕ ಗೊತ್ತಿದ್ದವರಿಗೆ ಯಾವುದು ಲಾಭವೆಂದು ತೀರ್ಮಾನಿಸುವುದು ಸುಲಭ. ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು, ಮನೆ ಬಿಡುವಾಗ ಅದನ್ನು ಹಿಂದಕ್ಕೆ ಪಡೆಯುವ ಭೋಗ್ಯದ ಮನೆಗೂ ಇದೇ ಮಾತು ಸಲ್ಲುತ್ತದೆ. ಹತ್ತು ಲಕ್ಷ ಕೊಟ್ಟು ಭೋಗ್ಯಕ್ಕೆ ಹೋದವರು ತಮಗೆ ಬಾಡಿಗೆಯೇ ಇಲ್ಲವೆಂದು ಸಮಾಧಾನ ಪಡುತ್ತಾರೆ. ಅದೇ ಶೇಕಡ 7ರ ಲೆಕ್ಕದಲ್ಲಿ ಅವರು ತಿಂಗಳಿಗೆ ಸುಮಾರು 5,800 ರೂಪಾಯಿ ಬಾಡಿಗೆ ಕಟ್ಟುತ್ತಿದ್ದಾರೆ. ಅದೇ ಮನೆಗೆ ಬಾಡಿಗೆ 12,000 ಇದ್ದರೆ ಭೋಗ್ಯ ಖಂಡಿತ ಲಾಭವೇ. ಆದರೆ ಹತ್ತು ಲಕ್ಷವೂ ಸಾಲ ತಂದ ಹಣವಾಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮನೆಯ ಮೇಲೆ ಮಾಲೀಕರು ಮೊದಲೇ ಬ್ಯಾಂಕ್ ಸಾಲ ಪಡೆದಿದ್ದಾರೆಯೇ ಎಂದು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡದೆ, ಭೋಗ್ಯದ ಪತ್ರವನ್ನು ನೋಂದಾಯಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ ಎಂದು ಒತ್ತಿ ಹೇಳುತ್ತೇನೆ; ಜೀವಮಾನದ ಉಳಿತಾಯವನ್ನು ಈ ಒಂದು ಅಸಡ್ಡೆಯಲ್ಲಿ ಕಳೆದುಕೊಂಡ ಕುಟುಂಬಗಳಿವೆ.

ಮನೆ ಎಲ್ಲಿ ಎಂಬ ಪ್ರಶ್ನೆಯಲ್ಲಿ ಪ್ರಯಾಣದ ಖರ್ಚೂ ಸೇರಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಗಿರುವುದರಿಂದ, ದುಡಿಯುವ ಹೆಣ್ಣುಮಕ್ಕಳಿರುವ ಮನೆಯವರು ಬಸ್ ನಿಲ್ದಾಣಕ್ಕೆ ಹತ್ತಿರವಿರುವ, ಊರಿನ ನಡುವಿನಿಂದ ಸ್ವಲ್ಪ ದೂರದ ಮನೆಯನ್ನು ನೋಡುವುದರಲ್ಲಿ ಅರ್ಥವಿದೆ. ಗಂಡಸರ ಮತ್ತು ಮಕ್ಕಳ ಓಡಾಟವನ್ನು ಅದರ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಮುಂಗಡಕ್ಕೆ ಕೈ ಹಾಕಬೇಕು.

ಇನ್ನು ಲೆಕ್ಕದ ಪುಸ್ತಕದ ವಿಷಯ. ನಮ್ಮ ಹಿರಿಯರ ಮನೆಗಳಲ್ಲಿ ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರಿನ ಮೇಲೆ ಇರುತ್ತಿತ್ತು, ಕಿರಾಣಿ ಅಂಗಡಿಯ ಲೆಕ್ಕ ಒಂದು ಸಣ್ಣ ಪುಸ್ತಕದಲ್ಲಿ ಇರುತ್ತಿತ್ತು. ಇಂದು ಫೋನಿನಲ್ಲಿ ಹಣ ಕಳಿಸುವ ಅನುಕೂಲ ಬಂದಿದೆ. ಎಳನೀರಿನವರಿಗೂ ಹೂವಿನವರಿಗೂ ಅದರಲ್ಲೇ ಕೊಡುತ್ತೇವೆ. ನೋಟು ಎಣಿಸಿ ಕೊಡುವಾಗ ಪರ್ಸು ತೆಳ್ಳಗಾಗುವುದು ಕಣ್ಣಿಗೆ ಕಾಣುತ್ತಿತ್ತು, ಈಗ ಅದು ಕಾಣುವುದಿಲ್ಲ. ಆದರೆ ಇದರಲ್ಲೊಂದು ದೊಡ್ಡ ಉಪಕಾರವೂ ಅಡಗಿದೆ: ಕೊಟ್ಟ ಪ್ರತಿ ರೂಪಾಯಿಯೂ ಬ್ಯಾಂಕಿನ ವಿವರಪಟ್ಟಿಯಲ್ಲಿ ದಾಖಲಾಗಿರುತ್ತದೆ. ತಿಂಗಳ ಕೊನೆಯ ಭಾನುವಾರ ಮನೆಯವರೆಲ್ಲರೂ ಕುಳಿತು ಆ ಪಟ್ಟಿಯನ್ನು ಓದಿ, ಪ್ರತಿ ಸಾಲನ್ನೂ ಒಂದು ನೋಟ್‌ಬುಕ್ಕಿನಲ್ಲಿ ಆಯಾ ತಲೆಬರಹದ ಕೆಳಗೆ ಬರೆದುಕೊಂಡರೆ ಸಾಕು. ಮೂರು ತಿಂಗಳು ಏನನ್ನೂ ಕಡಿಮೆ ಮಾಡದೆ ಬರೆಯುತ್ತಾ ಹೋಗಿ ಎಂಬುದು ನನ್ನ ಸಲಹೆ. ಮೊದಲ ತಿಂಗಳಲ್ಲೇ ಕಡಿತಕ್ಕೆ ಹೊರಟವರು ಕೈಗೆ ಸಿಕ್ಕಿದ್ದನ್ನು ಕಡಿಯುತ್ತಾರೆ, ಸಾಮಾನ್ಯವಾಗಿ ಮಕ್ಕಳ ಹಣ್ಣನ್ನೋ ಅಮ್ಮನ ಹಾಲನ್ನೋ. ಮೂರು ತಿಂಗಳ ಬರಹ ಕಣ್ಣ ಮುಂದಿದ್ದರೆ ಕಡಿಯಬೇಕಾದದ್ದು ಬೇರೆಲ್ಲೋ ಇದೆಯೆಂದು ಗೊತ್ತಾಗುತ್ತದೆ.

ತಿಂಗಳ ಲೆಕ್ಕ ಸರಿಯಾಗಿದ್ದರೂ ಸಂಸಾರ ಮುಗ್ಗರಿಸುವುದು ವರ್ಷದ ಖರ್ಚಿನಲ್ಲಿ. ಏಪ್ರಿಲ್‌ನಲ್ಲಿ ಸ್ವಂತ ಮನೆಯವರಿಗೆ ಆಸ್ತಿ ತೆರಿಗೆ, ಮೇ ಮತ್ತು ಜೂನ್‌ನಲ್ಲಿ ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕ, ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಭಾದ್ರಪದದಲ್ಲಿ ಗೌರಿ ಗಣೇಶ, ಆಮೇಲೆ ನವರಾತ್ರಿ, ದೀಪಾವಳಿ. ನಡುವೆ ಎಲ್ಲೋ ಒಂದು ವಿಮೆಯ ಕಂತು, ಇನ್ನೊಂದು ವಾಹನದ ವಿಮೆ, ಊರಿನಲ್ಲಿ ಒಂದು ಮದುವೆ. ಇವುಗಳಲ್ಲಿ ಒಂದೂ ಅನಿರೀಕ್ಷಿತವಲ್ಲ, ಆದರೂ ಪ್ರತಿಯೊಂದೂ ಬಂದಾಗ ನಾವು ಸಾಲಕ್ಕೆ ಕೈ ಚಾಚುತ್ತೇವೆ. ಹೋದ ವರ್ಷ ಇಂಥವುಗಳಿಗೆ ಆದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಆ ಪಾಲನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕುವ ಮನೆಯಲ್ಲಿ ಹಬ್ಬ ಹಬ್ಬವಾಗಿಯೇ ಉಳಿಯುತ್ತದೆ. ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ದರ ಯಾವ ಎತ್ತರಕ್ಕೆ ಏರುತ್ತದೆ ಎಂಬುದನ್ನು ಇಲ್ಲಿರುವ ಹೆಂಗಸರಿಗೆ ಹೇಳಬೇಕಾಗಿಲ್ಲ. ಮನೆಯಂಗಳದ ದಾಸವಾಳ, ಕುಂಡದ ತುಳಸಿ, ಎರಡು ಮೊಳ ಮಲ್ಲಿಗೆಯಿಂದ ಮಾಡಿದ ಪೂಜೆಗೆ ಕೊರತೆಯೇನೂ ಇಲ್ಲವೆಂದು ನಾನು ನಂಬಿದ್ದೇನೆ.

ಸಾಲದ ಬಗ್ಗೆ ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಗಿದೆ. ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಉಳಿದದ್ದನ್ನು ಮುಂದಕ್ಕೆ ತಳ್ಳಿದರೆ ತಿಂಗಳಿಗೆ ಶೇಕಡ ಮೂರೂವರೆಯ ಆಸುಪಾಸಿನ ಬಡ್ಡಿ ಬೀಳುವುದು ಸಾಮಾನ್ಯ. ಮೂರೂವರೆ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಅದು ಶೇಕಡ 42. ಕೈಸಾಲ ಕೊಡುವವರನ್ನು ದೂರುವ ನಾವು ಈ ದರವನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತೇವೆ. ಬಡ್ಡಿಯಿಲ್ಲದ ಕಂತು ಎಂದು ಅಂಗಡಿಗಳಲ್ಲಿ ಬರೆದಿರುತ್ತಾರಲ್ಲ, ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಸಂಸ್ಕರಣಾ ಶುಲ್ಕದ ರೂಪದಲ್ಲೋ, ನಗದಾಗಿ ಕೊಂಡರೆ ಸಿಗುತ್ತಿದ್ದ ರಿಯಾಯಿತಿಯನ್ನು ತಪ್ಪಿಸುವ ರೂಪದಲ್ಲೋ ಇದ್ದೇ ಇರುತ್ತದೆ. ಚೀಟಿ ನಮ್ಮ ಊರಿನ ಹಳೆಯ ಪದ್ಧತಿ, ಅದರಿಂದ ಮಗಳ ಮದುವೆ ಮಾಡಿದವರೂ ಸೈಟು ಕೊಂಡವರೂ ಇದ್ದಾರೆ. ಆದರೆ 1982ರ ಚಿಟ್ ಫಂಡ್ ಕಾಯ್ದೆಯ ಕೆಳಗೆ ನೋಂದಾಯಿತವಾದ ಚೀಟಿಗೂ ಪರಿಚಯದ ಮೇಲೆ ನಡೆಯುವ ಚೀಟಿಗೂ ಅಜಗಜಾಂತರವಿದೆ. ರಾಜ್ಯ ಸರ್ಕಾರದ್ದೇ ಆದ ಎಂಎಸ್ಐಎಲ್ ಸಂಸ್ಥೆಯೂ ಚೀಟಿ ನಡೆಸುತ್ತದೆ. ಪರಿಚಯದವರು, ಒಂದೇ ಬೀದಿಯವರು ಎಂಬ ಕಾರಣಕ್ಕೆ ರಸೀದಿಯಿಲ್ಲದೆ ಹಣ ಕಟ್ಟುವುದನ್ನು ನಿಲ್ಲಿಸಿ.

ಈಗ ಅಡುಗೆಮನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಬೆಂಗಳೂರಿನ ಒಂದು ಕುಟುಂಬದ ಬಳಿ ಇರಬಹುದಾದ ಅತ್ಯಂತ ಬೆಲೆಬಾಳುವ ಆಸ್ತಿ ಅಡುಗೆಯ ವಿದ್ಯೆ. ನಮ್ಮ ಹಳೆಯ ಮೈಸೂರು ಸೀಮೆಯ ಅಡುಗೆಯೇ ಮಿತವ್ಯಯದಿಂದ ರೂಪುಗೊಂಡದ್ದು. ಬಸ್ಸಾರನ್ನು ನೋಡಿ. ಒಂದು ಹಿಡಿ ತೊಗರಿಬೇಳೆ ಅಥವಾ ಕಾಳಿನ ಜೊತೆ ಎರಡು ಕಟ್ಟು ಸೊಪ್ಪನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದು, ಆ ಕಟ್ಟಿಗೆ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಸ್ವಲ್ಪ ತೆಂಗಿನಕಾಯಿ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು, ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಪದಾರ್ಥಗಳಾದವು, ಸೊಪ್ಪು ಬೆಂದ ನೀರಿನಲ್ಲಿ ಇಳಿದ ಸಾರವೂ ಚರಂಡಿಗೆ ಹೋಗಲಿಲ್ಲ. ಹುರುಳಿಕಟ್ಟಿನ ಸಾರು, ಉಪ್ಪುಸಾರು, ಮಸ್ಸೊಪ್ಪು, ಇವೆಲ್ಲವೂ ಇದೇ ಬುದ್ಧಿಯ ಮಕ್ಕಳು. ಇವುಗಳ ಜೊತೆಗೆ ಬರುವ ರಾಗಿಮುದ್ದೆಯ ವಿಷಯದಲ್ಲಿ ಒಂದು ಅಂಕಿಯನ್ನು ಹೇಳಲೇಬೇಕು: ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇರುವುದಿಲ್ಲ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಬೆಂಗಳೂರಿನ ಸುತ್ತ, ಮಾಗಡಿ, ಕನಕಪುರ, ಕೋಲಾರ, ತುಮಕೂರುಗಳ ಹೊಲದಲ್ಲಿ ಬೆಳೆದದ್ದನ್ನು ಬಿಟ್ಟು, ಬಣ್ಣದ ಡಬ್ಬಿಯಲ್ಲಿ ಬರುವ ಪುಷ್ಟಿಪುಡಿಗೆ ನೂರಾರು ರೂಪಾಯಿ ಕೊಡುವುದು ನನಗೆ ನೋವಿನ ವಿಷಯ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿಸಿದ ಹಿಟ್ಟು ಎಳೆಯ ಮಕ್ಕಳ ಮನೆಗೆ ಎಂದಿಗೂ ಒಳ್ಳೆಯದು.

ಕೊರತೆಯಿಂದ ರುಚಿ ಹುಟ್ಟಿದ ಉದಾಹರಣೆಯೂ ಈ ಊರಿನಲ್ಲೇ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಾಲದೆ ಬಂದಾಗ ರವೆಯಿಂದ ಇಡ್ಲಿ ಮಾಡಲು ಹೊರಟು ರವೆ ಇಡ್ಲಿಯನ್ನು ರೂಪಿಸಿದೆವೆಂದು ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಸಾರು ಮಾಡುವುದು ಹೇಗೆಂಬ ಚಿಂತೆ ಹುಟ್ಟಿತು. ಹುಣಸೆಹಣ್ಣು, ನಿಂಬೆ, ಮಾವಿನಕಾಯಿ, ಹೆರಳೆಕಾಯಿ, ಹುಳಿ ಮಜ್ಜಿಗೆ ಇವುಗಳಿಂದ ಹುಳಿ ತರಲು ಬಲ್ಲವರಿಗೆ ಆ ತಿಂಗಳು ಯಾವ ಕಷ್ಟವೂ ಆಗಲಿಲ್ಲ. ಒಂದು ಪದಾರ್ಥದ ಬೆಲೆ ಏರಿದಾಗ ಅದರ ಜಾಗಕ್ಕೆ ಇನ್ನೊಂದನ್ನು ತರುವ ತಿಳಿವಳಿಕೆ ಇದ್ದವರನ್ನು ಮಾರುಕಟ್ಟೆ ಅಷ್ಟು ಸುಲಭವಾಗಿ ಹೆದರಿಸಲಾರದು.

ಕಾಲಕ್ಕೆ ತಕ್ಕಂತೆ ಕೊಳ್ಳುವುದು ಇದರ ಇನ್ನೊಂದು ಮುಖ. ಮಾಗಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ರಾಶಿ ಬಂದಾಗ ಉಪ್ಪಿಟ್ಟು, ರೊಟ್ಟಿ, ಹಿತಕಿದ ಬೇಳೆ ಸಾರು ಎಂದು ಬೆಂಗಳೂರಿನ ಮನೆಗಳು ಅದನ್ನೇ ಉಣ್ಣುತ್ತವೆ. ಮಿಕ್ಕ ಕಾಳನ್ನು ಒಣಗಿಸಿಟ್ಟರೆ ಮಳೆಗಾಲದ ಹುಳಿಗೆ ಆಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಮಾಡಿಟ್ಟರೆ ವರ್ಷವಿಡೀ ಬದಿಗೆ ಬೇರೇನೂ ಬೇಡ. ಹೀರೆಕಾಯಿಯ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ, ಹಲಸಿನ ಬೀಜದ ಸಾರು, ಬಾಳೆದಿಂಡಿನ ಕೋಸಂಬರಿ, ಕೊತ್ತಂಬರಿ ಕಾಂಡದ ಗೊಜ್ಜು ಇವುಗಳನ್ನು ಬಡತನದ ಅಡುಗೆಯೆಂದು ಬದಿಗಿಡಬೇಡಿ. ಮನೆಗೆ ಬಂದ ತರಕಾರಿಗೆ ಕೊಟ್ಟ ಹಣದಲ್ಲಿ ಸಿಪ್ಪೆಯ ತೂಕಕ್ಕೂ ಹಣ ಕೊಟ್ಟಿದ್ದೇವೆ.

ಬೆಳಗಿನ ತಿಂಡಿಯಲ್ಲೇ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಇಡ್ಲಿಹಿಟ್ಟೇ ಸಾಕ್ಷಿ. ಒಂದು ಕಿಲೋ ಅಕ್ಕಿಗೆ ಕಾಲು ಕಿಲೋ ಉದ್ದಿನಬೇಳೆಯಂತೆ ರುಬ್ಬಿದರೆ ಅರವತ್ತರ ಆಸುಪಾಸು ಇಡ್ಲಿಗಳಾಗುತ್ತವೆ. ಎಲ್ಲವನ್ನೂ ಒಂದೇ ದಿನ ಮಾಡುವವರಾರು? ಮೊದಲ ದಿನ ಇಡ್ಲಿ, ಮರುದಿನ ಹಿಟ್ಟನ್ನು ಸ್ವಲ್ಪ ತೆಳ್ಳಗೆ ಮಾಡಿ ದೋಸೆ, ಮೂರನೆಯ ದಿನ ಹುಳಿ ಏರಿದ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು. ಪ್ಯಾಕೆಟ್ಟಿನ ಹಿಟ್ಟಿನ ದರವನ್ನು ಇದರ ಪಕ್ಕದಲ್ಲಿಟ್ಟು ತಾವೇ ಲೆಕ್ಕ ಹಾಕಿ. ಮಿಕ್ಕ ಅನ್ನದ ಚಿತ್ರಾನ್ನವೂ ಇಂಥದ್ದೇ, ಆದರೆ ಇಲ್ಲೊಂದು ಎಚ್ಚರಿಕೆ ಬೇಕು: ಬೆಂದ ಅನ್ನವನ್ನು ರಾತ್ರಿಯಿಡೀ ಹೊರಗೇ ಬಿಟ್ಟರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದಿರಬಹುದು. ಊಟ ಮುಗಿದ ಮೇಲೆ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟು, ಬೆಳಗ್ಗೆ ಚೆನ್ನಾಗಿ ಬಿಸಿ ಮಾಡಿ ಬಳಸಿ. ಆಸ್ಪತ್ರೆಯ ಖರ್ಚು ತರುವ ಉಳಿತಾಯ ಉಳಿತಾಯವಲ್ಲ.

ಕೊಳ್ಳುವ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್ 1959ರಿಂದ ನಮ್ಮ ನಡುವೆ ಇದೆ; ಅದರ ಮಳಿಗೆಗಳಲ್ಲಿ ದರ ಬರೆದಿರುತ್ತದೆ, ತೂಕ ಸರಿಯಿರುತ್ತದೆ, ರೈತರಿಗೂ ಪಾಲು ಸೇರುತ್ತದೆ. ಬೇಳೆಕಾಳು, ಅಕ್ಕಿಯನ್ನು ಯಶವಂತಪುರದ ಸಗಟು ಮಾರುಕಟ್ಟೆಯಿಂದ ನಾಲ್ಕೈದು ಮನೆಯವರು ಒಟ್ಟಾಗಿ ತಂದು ಹಂಚಿಕೊಳ್ಳಬಹುದು. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಲುಪಿಸುವ ಸೇವೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಸಾಗಣೆಯ ಶುಲ್ಕ, ನಿರ್ವಹಣೆಯ ಶುಲ್ಕ ಬೀಳಬಹುದು. ಶುಲ್ಕ ತಪ್ಪಿಸಲೆಂದು ಬೇಡದ ಇನ್ನೆರಡು ವಸ್ತುಗಳನ್ನು ಸೇರಿಸುವುದು ಅದಕ್ಕಿಂತ ದುಬಾರಿ. ವಾರದ ಅಡುಗೆಯನ್ನು ಭಾನುವಾರವೇ ಗೊತ್ತುಮಾಡಿಕೊಂಡಿದ್ದರೆ ಆ ಸೇವೆಯ ಅಗತ್ಯವೇ ಅಪರೂಪವಾಗುತ್ತದೆ.

ಅನಿಲ, ವಿದ್ಯುತ್ತು, ನೀರು. ಬೇಳೆ, ಕಾಳುಗಳನ್ನು ಮೊದಲೇ ನೆನೆಸುವುದು, ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿಗಳನ್ನು ಒಂದರ ಮೇಲೊಂದು ಪಾತ್ರೆಯಲ್ಲಿಟ್ಟು ಒಂದೇ ಸಲ ಬೇಯಿಸುವುದು, ಕೂಗು ಬಂದ ಮೇಲೆ ಉರಿ ತಗ್ಗಿಸುವುದು, ಇವನ್ನು ಪಾಲಿಸಿದರೆ 14.2 ಕಿಲೋ ಸಿಲಿಂಡರು ಇನ್ನಷ್ಟು ದಿನ ಬರುತ್ತದೆ. ವಿದ್ಯುತ್ತಿನಲ್ಲಿ ಗೃಹಜ್ಯೋತಿಯ ನಿಯಮವನ್ನು ಸರಿಯಾಗಿ ತಿಳಿದಿರಬೇಕು. 2022-23ರ ತಿಂಗಳ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತ ಮಿತಿಯನ್ನು ನಿಗದಿ ಮಾಡಲಾಗಿದೆ. ಆ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ, ಆದರೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಆದ್ದರಿಂದ 190ರ ಹತ್ತಿರ ಬಳಸುವ ಮನೆಗೆ ಹತ್ತು ಯೂನಿಟ್‌ಗಳ ಬೆಲೆ ಬಹಳ ದೊಡ್ಡದು. 2,000 ವಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಒಬ್ಬರಾದ ಮೇಲೊಬ್ಬರು ಬೇಗ ಸ್ನಾನ ಮುಗಿಸಿ ಅದನ್ನು ಅರ್ಧ ಗಂಟೆಗೆ ಇಳಿಸಿದರೆ 30 ಉಳಿಯಿತು. ಹಳೆಯ 75 ವಾಟಿನ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, 28 ವಾಟಿನ ಹೊಸ ಬಗೆಯ ಫ್ಯಾನು ಹತ್ತು.

ನೀರಿನ ವಿಷಯಕ್ಕೆ ಹಣವನ್ನು ಮೀರಿದ ತೂಕವಿದೆ. ನಮ್ಮ ನಲ್ಲಿಗೆ ಬರುವ ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಅದೂ ನೂರಾರು ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತಾಳೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದ ದಿನಗಳನ್ನು ಮರೆಯುವಂತಿಲ್ಲ. ಅದೇ ವರ್ಷದ ಅಕ್ಟೋಬರ್ 16ರಂದು ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೆಯ ಹಂತ ಆರಂಭವಾದರೂ ನಗರ ಅದಕ್ಕಿಂತ ವೇಗವಾಗಿ ಬೆಳೆಯುತ್ತಿದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ 90,000 ಲೀಟರ್ ಬೀಳುತ್ತದೆ. ಅದರಲ್ಲಿ 70,000 ಲೀಟರ್ ಹಿಡಿದರೂ, ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ ನಾಲ್ಕು ತಿಂಗಳ ನೀರಾಯಿತು. ಅಷ್ಟನ್ನೂ ಸಂಪಿನಲ್ಲಿ ತುಂಬಿಡಲಾಗದು, ನಿಜ. ಉಳಿದದ್ದನ್ನು ಇಂಗುಗುಂಡಿಗೆ ಬಿಟ್ಟರೆ ಬೀದಿಯ ಕೊಳವೆಬಾವಿಗೆ ಆಧಾರ. ನೀರು ಶುದ್ಧೀಕರಿಸುವ ಯಂತ್ರ ಹೊರಹಾಕುವ ನೀರಿನಿಂದ ನೆಲ ಒರೆಸಬಹುದು, ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ ಒಳ್ಳೆಯದು.

ಇಷ್ಟು ಹೊತ್ತು ನಾನು ಹೇಳಿದ ಹಿಟ್ಟು ರುಬ್ಬುವುದು, ಸೊಪ್ಪು ಬಿಡಿಸುವುದು, ಸಂಡಿಗೆ ಇಡುವುದು, ಮಾರುಕಟ್ಟೆಗೆ ಹೋಗಿ ಬರುವುದು ಎಲ್ಲಕ್ಕೂ ಯಾರದೋ ಸಮಯ ಬೇಕು. ಇದನ್ನು ಮರೆತು ಮಿತವ್ಯಯವನ್ನು ಹೊಗಳುವುದು ಅನ್ಯಾಯ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷಗಳನ್ನು ಸಂಬಳವಿಲ್ಲದ ಆ ಕೆಲಸಕ್ಕೆ ಕೊಡುತ್ತಾರೆ. ಅದರಲ್ಲಿ ತೊಡಗುವ ಗಂಡಸರು ಕೊಡುವುದು 88 ನಿಮಿಷ. ಹೊರಗಿನ ತಿಂಡಿ ನಿಲ್ಲಿಸಿ ಉಳಿಸಿದ 3,000 ರೂಪಾಯಿ ಆ 289 ನಿಮಿಷವನ್ನು 350 ಮಾಡಿ ಬಂದದ್ದಾದರೆ, ಆ ಖರ್ಚು ಮಾಯವಾಗಿಲ್ಲ. ಒಬ್ಬ ಹೆಣ್ಣುಮಗಳ ಮೈಮೇಲೆ ಹೋಗಿ ಕುಳಿತಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇದಕ್ಕೆ ಕಾರಣಗಳು ಹಲವು. ಆದರೆ ಎಲ್ಲರಿಗೂ ಬಡಿಸಿ, ಪಲ್ಯ ಮುಗಿದಿದ್ದರೆ ಮಜ್ಜಿಗೆ ಅನ್ನದಲ್ಲಿ ಊಟ ಮುಗಿಸುವ ರೂಢಿಯೂ ಆ ಕಾರಣಗಳಲ್ಲಿ ಒಂದೆಂದು ನಾನು ನಂಬುತ್ತೇನೆ, ಅದನ್ನು ಇಂಥ ಸಭೆಗಳಲ್ಲಿ ಬಾಯಿಬಿಟ್ಟು ಹೇಳಬೇಕು.

ಹಾಗಾಗಿ ಗಂಡುಮಕ್ಕಳು ಸೌಟು ಹಿಡಿಯದ ಮನೆಯಲ್ಲಿ ಮನೆಯಡುಗೆಯ ಉಳಿತಾಯ ಬಹಳ ಕಾಲ ನಿಲ್ಲುವುದಿಲ್ಲ. ಅಡುಗೆ ಮಾಡುವವರಿಗೆ ಜ್ವರ ಬಂದ ದಿನವೇ ಹೊರಗಿನ ಊಟ ಬಾಗಿಲಿಗೆ ಬರುತ್ತದೆ. ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಗಂಡಾಗಲಿ ಹೆಣ್ಣಾಗಲಿ ಅನ್ನ, ಸಾರು, ಒಂದು ಪಲ್ಯ, ಉಪ್ಪಿಟ್ಟು ಮಾಡಲು ಬರಬೇಕು, ವಿದ್ಯುತ್ ಬಿಲ್ಲನ್ನು ಓದಲು ಬರಬೇಕು. ರಾಜ್ಯ ಸರ್ಕಾರ ಮನೆಯೊಡತಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಗಳಲ್ಲಿ ಅದನ್ನು ಹೇಗೆ ಬಳಸಬೇಕೆಂಬ ತೀರ್ಮಾನ ಆಕೆಯದೇ ಆಗಿರಲಿ. ಅದನ್ನು ಮನೆಯ ಬಜೆಟ್ಟಿನ ಮೊದಲ ಸಾಲಿಗೆ ಎಳೆದುಕೊಳ್ಳುವುದು ಬೇಡ. ಹೊರಗಿನ ತಿನಿಸನ್ನು ಪೂರ್ತಿ ನಿಷೇಧಿಸುವುದನ್ನೂ ನಾನು ಒಪ್ಪುವುದಿಲ್ಲ. ದರ್ಶಿನಿಯಲ್ಲಿ ನಿಂತು ಕುಡಿಯುವ ಕಾಫಿ ಈ ಊರಿನ ಬದುಕಿನ ಭಾಗ. ತಿಂಗಳಿಗೆ ಒಂದು ಮೊತ್ತವನ್ನು ಅದಕ್ಕೆಂದೇ ತೆಗೆದಿಟ್ಟು, ಅಡುಗೆಗೆ ಬಿಡುವು ಬೇಕೆಂದು ಆ ಕೆಲಸ ಮಾಡುವವರು ಹೇಳಿದ ದಿನ ಖರ್ಚು ಮಾಡಿ.

ಉಪನ್ಯಾಸದ ಕೊನೆಯಲ್ಲಿ ಯುವಕರೊಬ್ಬರು, ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಒಂದೇ ಕೋಣೆಯಲ್ಲಿರುವ ತಮ್ಮಂಥವರಿಗೆ ಇದರಲ್ಲಿ ಯಾವುದು ಸಾಧ್ಯವೆಂದು ಕೇಳಿದರು. ಅವರಿಗೆ ನಾನು ಕೊಟ್ಟ ಉತ್ತರವಿದು. ಒಂದೇ ಒಲೆ, ಮೂರು ಲೀಟರಿನ ಕುಕ್ಕರು, ಒಂದು ಬಾಣಲೆ ಇದ್ದರೆ ಸಾಕು. ಊರಿಗೆ ಹೋದಾಗ ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತನ್ನಿ. ತರುವ ಮುಂಚೆ ಅವನ್ನು ಮಾಡುವವರ ಪಕ್ಕದಲ್ಲಿ ನಿಂತು ಕಲಿತುಬನ್ನಿ. ಬೆಳಗ್ಗೆ ಹೊರಡುವ ಮುಂಚೆ ಹೆಸರುಕಾಳನ್ನು ನೆನೆಯಲು ಹಾಕಿದರೆ ಸಂಜೆಗೆ ಅದು ಕುಕ್ಕರಿನಲ್ಲಿ ಬೇಗ ಬೇಯುತ್ತದೆ. ಕೆಳಗಿನ ಪಾತ್ರೆಯಲ್ಲಿ ಕಾಳು, ಮೇಲಿನ ಪಾತ್ರೆಯಲ್ಲಿ ಅನ್ನ. ಕಾಳಿಗೆ ಪುಡಿ, ಹುಣಸೆ, ಉಪ್ಪು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಊಟ ಸಿದ್ಧ. ವಾರದಲ್ಲಿ ನಾಲ್ಕು ರಾತ್ರಿ ಹೀಗೆ ಉಂಡು, ತಿಂಗಳ ಕೊನೆಗೆ ಬ್ಯಾಂಕಿನ ಪಟ್ಟಿಯಲ್ಲಿ ಹೊರಗಿನ ಊಟದ ಸಾಲುಗಳನ್ನು ಹಿಂದಿನ ತಿಂಗಳಿನ ಜೊತೆ ಹೋಲಿಸಿ. ಎದುರು ಕೋಣೆಯಲ್ಲಿ ಇನ್ನೊಬ್ಬರು ಒಂಟಿಯಾಗಿದ್ದರೆ ಅವರನ್ನೂ ಸೇರಿಸಿಕೊಳ್ಳಿ. ಇಬ್ಬರಿಗೆ ಬೇಯಿಸಲು ಬೇಕಾಗುವ ಅನಿಲ ಒಬ್ಬರಿಗೆ ಬೇಕಾಗುವುದಕ್ಕಿಂತ ಹೆಚ್ಚೇನೂ ಅಲ್ಲ, ಪಾತ್ರೆ ತೊಳೆಯುವ ಸರದಿಯೂ ದಿನಬಿಟ್ಟು ದಿನ ಬರುತ್ತದೆ.